ಆದ್ದರಿಂದ ಅಜ್ಜಿ ಓಡಿ ಬಂದಳು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಮ್ಮಮ್ಮ ಊರಿಗೆಲ್ಲ ಸಾರಿದ್ದಳು. ಸುಳ್ಳೇನಲ್ಲ. ಹೆಣ್ಣು ನೋಡಲು ಬರಬೇಕಾದವರ ಕಿವಿಗೂ ಆ ಸುದ್ದಿ ಬಿದ್ದು ಒಂದೆರಡು ಸಂಬಂಧ ಬಾಗಿಲಿಗೆ ಬರುವ ಮೊದಲೇ ತಪ್ಪಿಹೋಗಿದ್ದವು. ನನಗೆ ಬೇಜಾರಾಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಇಪ್ಪತ್ತು ವರ್ಷವಾಗಿತ್ತು, ಬಂಗಾರಪೇಟೆಗೆ ಮೂರು ಮೈಲಿ ದೂರದ ನಮ್ಮ ಹಳ್ಳಿಯಲ್ಲಿ ಅಷ್ಟು ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ. ಜಂಬಕ್ಕೆ ಅಷ್ಟು ಸಾಲದೆ?

ಕೋಲಾರದ ಚಿನ್ನದ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದು ಒಂದೆರಡು ವರ್ಷವಾಗಿದ್ದ ಕಾಲ. ಕನ್ನಡದ ಕಾಗದ, ಕನ್ನಡದ ಬೋರ್ಡು ಕೆ.ಜಿ.ಎಫ್.ನಲ್ಲಿ ಆಗಷ್ಟೇ ಕಣ್ಣಿಗೆ ಬೀಳತೊಡಗಿದ್ದವು. ಚಾಂಪಿಯನ್ ರೀಫ್ಸಿನ ಕಾರ್ಮಿಕರ ಲೈನುಗಳಲ್ಲಿ ಹೆಂಗಸರಿಗೆ ಕನ್ನಡ ಓದಲು ಕಲಿಸುವ ಕೆಲಸ ನನಗೆ ಸಿಕ್ಕಿತು. ಮೊದಲ ದಿನ ರೈಲಿಗೆ ಹೊರಟಾಗ ಅಮ್ಮ ಹೊಸಿಲಲ್ಲಿ ನಿಂತು ಹೇಳಿದಳು: "ಓಗಮ್ಮಾ, ಓಗ್ಬಾ. ಆ ಎಂಗಸ್ರ ಮುಂದೆ ನಿನ್ ಕೋಪ ತೋರುಸ್ಬೇಡ. ಬರೋವಾಗ ರಾಬರ್ಟ್‌ಸನ್‌ಪೇಟೆಲಿ ಇಂಗು ತಗಂಬಾ."

ನಮ್ಮ ಮನೆಯ ಕನ್ನಡ ಅದೇ. ಬೈಯುವುದಕ್ಕೆ ತೆಲುಗು, ಬೇಡಿಕೊಳ್ಳುವುದಕ್ಕೆ ಕನ್ನಡ. ಆದರೆ ತರಗತಿಯ ಬಾಗಿಲು ದಾಟಿದ ಕೂಡಲೇ ನನ್ನ ಬಾಯಲ್ಲಿ ಹಕಾರ ತುಂಬಿ ತುಳುಕುತ್ತಿತ್ತು. 'ಹೋಗಿ', 'ಹೇಳಿ', 'ಹೀಗಲ್ಲ, ಹಾಗೆ'. ಹುಟ್ಟುಗುಣ ಸುಟ್ಟರೂ ಹೋಗದು. ಸಿಟ್ಟು ಬಂದರೆ ಹಕಾರವೆಲ್ಲ ಉದುರಿ ನಾನು ನಮ್ಮಮ್ಮನ ಮಗಳೇ ಆಗುತ್ತಿದ್ದೆ. ಹೆಂಗಸರಿಗೆ ಅದು ಬೇಗ ತಿಳಿದುಹೋಯಿತು. ನಾನು "ಏಳಿ!" ಎಂದು ಕೂಗಿದರೆ ಹೇಳಬೇಕೋ ಏಳಬೇಕೋ ಎಂದು ಕೇಳುವ ಗೋಜಿಗೂ ಹೋಗದೆ ಎಲ್ಲರೂ ತೆಪ್ಪಗಾಗುತ್ತಿದ್ದರು.

ಹದಿನಾಲ್ಕು ಜನ. ಹೆಚ್ಚಿನವರ ಮನೆಮಾತು ತಮಿಳು, ಇಬ್ಬರದು ತೆಲುಗು. ಸಂತೆಯ ಕನ್ನಡ ಎಲ್ಲರಿಗೂ ಬರುತ್ತಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಅಡುಗೆ ಮನೆ ಕೆಲಸ ಮುಗಿಸಿ, ತಗಡಿನ ಸೂರಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಅಕ್ಷರ, ಕಾಗುಣಿತ, ಒತ್ತು ಎಲ್ಲ ನಾಲ್ಕು ತಿಂಗಳಲ್ಲಿ ಹತ್ತಿದವು. ಆಮೇಲೆ ಪಾಠಗಳಿಗೆ ಬಂದೆವು, ಅಲ್ಲಿ ಗಾಡಿ ಹೂತುಕೊಂಡಿತು.

ಹೂತದ್ದು ಎಲ್ಲಿ ಎನ್ನುತ್ತೀರಿ? ದೊಡ್ಡ ದೊಡ್ಡ ಪದಗಳಲ್ಲಲ್ಲ. 'ವ್ಯವಸಾಯ'ವನ್ನೂ 'ಪಂಚಾಯಿತಿ'ಯನ್ನೂ ಹೆಂಗಸರು ನುಂಗಿ ನೀರು ಕುಡಿದರು. ಹೂತದ್ದು 'ಆದ್ದರಿಂದ' ಮತ್ತು 'ಏಕೆಂದರೆ' ಎಂಬ ಎರಡು ಮಾತುಗಳಲ್ಲಿ. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಓದುವವರ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ಬೆರಳಿನಲ್ಲಿ ಕಾಣುತ್ತದೆ. ಕೆಲವರ ಬೆರಳು 'ಆದ್ದರಿಂದ'ದ ಮೇಲೆ ನಿಲ್ಲದೆ, ಅನ್ನದಲ್ಲಿ ಸಿಕ್ಕ ಕಲ್ಲನ್ನು ಬದಿಗೆ ಸರಿಸಿದಂತೆ ದಾಟಿ ಹೋಗುತ್ತಿತ್ತು. ಕೆಲವರದು ಅಲ್ಲೇ ನಿಂತು, ಹಿಂದಿನ ಸಾಲಿಗೆ ಹೋಗಿ, ಮತ್ತೆ ಬರುತ್ತಿತ್ತು. 'ಏಕೆಂದರೆ' ಬಂದರೆ ಇನ್ನೂ ಕಷ್ಟ. ಆದದ್ದನ್ನು ಮೊದಲು ಹೇಳಿ, ಕಾರಣವನ್ನು ಆಮೇಲೆ ಹೇಳುವುದು ಅವರಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಮುಂದೆ ಓದಿ, ಹಿಂದೆ ಓದಿ, ನನ್ನ ಮುಖ ನೋಡುತ್ತಿದ್ದರು.

ತಪ್ಪು ಅವರದೇ ಎಂದು ಆಗ ತಿಳಿದಿದ್ದೆ. ಈಗ ಯೋಚಿಸಿದರೆ, ನಮ್ಮ ಹಳ್ಳಿಯಲ್ಲಿ ತಾನೆ ಯಾರು 'ಆದ್ದರಿಂದ' ಎನ್ನುತ್ತಾರೆ? 'ಮಳೆ ಬಂತು, ಅದ್ಕೇ ಬಟ್ಟೆ ಎತ್ತಿದೆ' ಎಂದರೆ ಮುಗಿಯಿತು. 'ಅದ್ಕೇ' ಕೂಡ ಬೇಕಿಲ್ಲ. ಮಳೆಗೂ ಬಟ್ಟೆಗೂ ನಂಟು ಯಾರಿಗೆ ಗೊತ್ತಿಲ್ಲ? ನಾನೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಓದುವಾಗ ಈ ಬಗೆಯ ಪದಗಳನ್ನೆಲ್ಲ ಹಾರಿಸಿಕೊಂಡು, ಗೊತ್ತಿದ್ದ ನಾಲ್ಕು ಮಾತು ಹಿಡಿದು ಮಿಕ್ಕ ಕತೆಯನ್ನು ನನ್ನ ಮನಸ್ಸಿಗೆ ಬಂದಂತೆ ಕಟ್ಟಿಕೊಂಡು ಪರೀಕ್ಷೆ ದಾಟಿದವಳು. ಆದರೆ ದಡ ಸೇರಿದವರಿಗೆ ನೀರಿನ ಆಳ ಎಲ್ಲಿ ನೆನಪಿರುತ್ತದೆ.

ಅಭ್ಯಾಸಕ್ಕೆಂದು ಅರ್ಧ ವಾಕ್ಯ ಬರೆದ ರಟ್ಟಿನ ಚೀಟಿಗಳನ್ನು ಮಾಡಿದೆ. ಮಿಕ್ಕದ್ದನ್ನು ಅವರು ಹೇಳಬೇಕು. 'ಸೊಸೆ ಊಟ ಬಿಟ್ಟಳು, ಏಕೆಂದರೆ...' ಎಂದು ಚೀಟಿ ಎತ್ತಿದರೆ ಹದಿನಾಲ್ಕು ಬಾಯಿಂದಲೂ ಒಂದೇ ಉತ್ತರ: "ಅತ್ತೆ!" 'ಹಾಲು ಒಡೆಯಿತು, ಏಕೆಂದರೆ...' ಎಂದರೂ ಮೂಲೆಯಲ್ಲಿದ್ದ ಹೊಸ ಮದುವಣಗಿತ್ತಿ "ಅತ್ತೆ" ಎಂದಳು. ಆ ದಿನ ನಾನೂ ನಕ್ಕೆ.

ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳನ್ನು ತರಗತಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಲವತ್ತರ ಹತ್ತಿರದ, ತಮಿಳು ಮನೆಮಾತಿನ, ಕಡ್ಡಿಯಂಥ ಹೆಂಗಸು. ಅವಳು ಯಾವಾಗಲೂ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದಳು. ಅವಳ ಗಂಡ ನೆಲದ ಕೆಳಗೆ ಬಂಡೆ ಕೊರೆಯುವ ಕೆಲಸದಲ್ಲಿದ್ದರು. ಇಪ್ಪತ್ತು ವರ್ಷ ಕುಡಿದ ಕಲ್ಲುಪುಡಿ ಎದೆಯಲ್ಲಿ ಕೂತು, ಅವರ ಕೆಮ್ಮು ಲೈನಿನ ಕೊನೆಯ ಮನೆಗೂ ಕೇಳುತ್ತಿತ್ತು. ನೆಲದ ಮೇಲೆ ಹಗುರದ ಕೆಲಸ ಕೇಳಿದರೆ ಕೊಡುತ್ತಾರೆ, ಆದರೆ ಆ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ಅಷ್ಟರಲ್ಲಿ ಲೈನಿಗೊಂದು ಶಿಶುವಿಹಾರ ಬರುತ್ತದೆ, ಅದಕ್ಕೆ ಕನ್ನಡ ಓದಲು ಬರುವ ಆಯಾ ಬೇಕು, ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ ಎಂದು ಸುದ್ದಿಯಾಯಿತು.

"ಆ ಕೆಲ್ಸ ನಂಗೆ ಸಿಕ್ರೆ ಅವ್ರು ಮೇಲೆ ಬಂದ್ಬಿಡ್ತಾರೆ ಟೀಚರಮ್ಮ," ಎಂದಿದ್ದಳು ಅಕ್ಕ. "ಇನ್ನೆರಡು ವರ್ಷ ಕೆಳ್ಗೆ ಇದ್ರೆ ಅವ್ರು ನಂಗೆ ಉಳಿಯಲ್ಲ." ಅಳಲಿಲ್ಲ, ದನಿ ತಗ್ಗಿಸಲಿಲ್ಲ. ಹೇಳಿ ಮುಗಿಸಿ ಪುಸ್ತಕ ತೆಗೆದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ದಿನ ಹಾಗೆ ನಡೆದುಕೊಂಡೆ. ಪಾಠ ಇಷ್ಟೇ: 'ಅಜ್ಜಿ ಅಂಗಳದಲ್ಲಿ ರಾಗಿ ಒಣಹಾಕಿದ್ದಳು. ಅವಳು ಒಳಗೆ ಅಡುಗೆ ಮಾಡುತ್ತಿದ್ದಳು. ಗುಡುಗುಡು ಎಂದು ಸದ್ದಾಯಿತು. ಆದ್ದರಿಂದ ಅಜ್ಜಿ ಹೊರಗೆ ಓಡಿ ಬಂದಳು.' ಅಕ್ಕ ಒಂದೂ ತಪ್ಪಿಲ್ಲದೆ ಓದಿದಳು. ಕೆಳಗಿದ್ದ ಪ್ರಶ್ನೆ ಕೇಳಿದೆ: ಅಜ್ಜಿ ಏಕೆ ಓಡಿ ಬಂದಳು?

"ಕೆಳ್ಗೆ ಯಾರ್ ಯಾರಿದಾರೆ ನೋಡೋಕೆ," ಎಂದಳು.

"ಏನು? ಯಾವ ಕೆಳಗೆ?"

"ಗುಡುಗುಡು ಅಂತಲ್ಲ. ಕೆಳ್ಗೆ ಬಂಡೆ ಸಿಡೀತು. ಅಜ್ಜಿ ಬಂದ್ಲು."

ಮಿಕ್ಕ ಹದಿಮೂರು ತಲೆಗಳೂ ಹೌದೆಂದು ಆಡಿದವು. ನನಗೆ ನಗು ಬರಬೇಕಿತ್ತು, ಕೋಪ ಬಂತು. ಅದು ಗುಡುಗು, ಮಳೆ ಬರುತ್ತಿದೆ, ರಾಗಿ ನೆನೆಯುತ್ತದೆ, ಎತ್ತಲು ಓಡಿ ಬಂದಳು ಎಂದೆ. ಅಕ್ಕ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ನೋಡಿದಳು.

"ಮಳೆ ಅಂತ ಬರ್ದಿಲ್ವಲ್ಲ ಟೀಚರಮ್ಮ."

"ಗಣಿ ಅಂತ ಬರೆದಿದೆಯಾ?"

"'ಆದ್ದರಿಂದ' ಬಂದ್ರೆ ಹಿಂದೆ ನೋಡು ಅಂತ ನೀವೇ ಹೇಳ್ಕೊಟ್ಟಿದ್ದು. ಹಿಂದೆ ನೋಡ್ದೆ, ಸದ್ದೇ ಇರೋದು. ರಾಗಿ ಎಲ್ಲೋ ಮೇಲಿದೆ."

ಅವಳ ಮಾತಿನಲ್ಲಿ ಹುರುಳಿತ್ತು, ನನ್ನ ಸಿಟ್ಟು ಏರಿದ್ದೂ ಅದಕ್ಕೇ. ನಮ್ಮ ಮನೆಯ ಅಂಗಳದಲ್ಲಿ ವರ್ಷವರ್ಷವೂ ರಾಗಿ ಒಣಗಿಸಿದವಳು ನಾನು, ಗುಡುಗಿದರೆ ಏನು ಮಾಡಬೇಕೆಂದು ನನಗೆ ಇವಳು ಕಲಿಸುತ್ತಾಳೆಯೇ ಎನ್ನಿಸಿತು. "ಪುಸ್ತಕದಲ್ಲಿ ಇರೋದನ್ನ ಓದ್ರೀ ಅಂದ್ರೆ ನಿಮ್ ಮನೆ ಪುರಾಣ ಓದ್ತೀರಲ್ಲ! ನಿಮ್ಗೆ ಓದು ಅತ್ತಲ್ಲ. ಮನೆಗೋಗಿ," ಎಂದುಬಿಟ್ಟೆ. ಅಕ್ಕ ಪುಸ್ತಕ ಮುಚ್ಚಿ, ಸ್ಲೇಟು ಒರೆಸಿ, ಎದ್ದು ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪರೀಕ್ಷೆಗೆ ಕೂರುವವರ ಹೆಸರು ಬರೆದು ಕಳಿಸಬೇಕಿತ್ತು. ಬರದವಳ ಹೆಸರು ಏಕೆ ಬರೆಯಲಿ ಎಂದು ನನ್ನ ಹಟಕ್ಕೆ ನಾನೇ ಕಾರಣ ಕೊಟ್ಟುಕೊಂಡು ಅವಳ ಹೆಸರು ಬಿಟ್ಟು ಪಟ್ಟಿ ಮಾಡಿದೆ. ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಎರಡು ದಿನ ತಿರುಗಿದೆ.

ಮೂರನೆಯ ದಿನ, ತರಗತಿ ನಡೆಯುತ್ತಿದ್ದಾಗ, ಕಾಲಡಿಯ ನೆಲ ಒಮ್ಮೆ ಜಗ್ಗಿದಂತಾಯಿತು. ಹಿಂದೆಯೇ ಹೊಟ್ಟೆಯೊಳಗಿಂದ ಬಂದಂಥ ಗುಡುಗುಡು ಸದ್ದು. ತಗಡಿನ ಸೂರು ಗಡಗಡ ನಡುಗಿತು, ಗೋಡೆಗೆ ಒರಗಿಸಿದ್ದ ಸ್ಲೇಟುಗಳು ಜಾರಿ ಬಿದ್ದವು. ಬಾಗಿಲಾಚೆ ಆಕಾಶ ನೋಡಿದೆ; ಮೋಡದ ಸುಳಿವಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಸೀಮೆಸುಣ್ಣ ಹಿಡಿದುಕೊಂಡೇ ನಾನೂ ಹೊರಗೆ ಓಡಿದೆ.

ಲೈನು ಎಂದರೆ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳ ಉದ್ದ ಸಾಲು. ಆ ಸಾಲಿನಲ್ಲಿ ನಾನು ಅದುವರೆಗೆ ನೋಡದಿದ್ದ ಒಂದು ಪದ್ಧತಿ ನಡೆಯುತ್ತಿತ್ತು. ಗಂಡಸು ಮನೆಯಲ್ಲಿದ್ದ ಹೆಂಗಸರೆಲ್ಲ ಅವನನ್ನು ಎಳೆದು ತಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು ಟವಲು ಸುತ್ತಿಕೊಂಡು ಆಕಳಿಸುತ್ತ ನಿಂತ. ಮತ್ತೊಬ್ಬ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದೇ ನಿಂತ. ಯಾರೂ ನಗಲಿಲ್ಲ. ಹೀಗೆ ನಿಲ್ಲಿಸಿದರೆ ಯಾರ ಮನೆಯವರು ಮೇಲಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಕೇಳಬೇಕಿಲ್ಲ. ಯಾವ ಬಾಗಿಲಲ್ಲಿ ಹೆಂಗಸೊಬ್ಬಳೇ ನಿಂತಿದ್ದಾಳೋ ಅಲ್ಲಿಗೆ ಮಿಕ್ಕವರು ಹೋಗುತ್ತಾರೆ.

ನಮ್ಮ ಸಾಲಿನಲ್ಲಿ ಅಂಥವು ಐದು ಬಾಗಿಲು. ಒಂದರಲ್ಲಿ ಅಕ್ಕ ನಿಂತಿದ್ದಳು, ಬಲಗೈ ಚೌಕಟ್ಟಿನ ಮೇಲೆ. ನನ್ನ ತರಗತಿಯ ಮೂವರು ಹೋಗಿ ಅವಳ ಪಕ್ಕದಲ್ಲಿ ನಿಂತರು. ಒಬ್ಬಳು ಒಳಗೆ ಹೋಗಿ ಒಲೆಯ ಮೇಲಿನ ಅನ್ನದ ಪಾತ್ರೆ ಇಳಿಸಿ ಬಂದಳು. ನಾನು ಹತ್ತಿರ ಹೋಗಿ, "ಏನಾಯ್ತು? ಯಾಕೆ ಹೀಗೆ..." ಎಂದು ಬಾಯಿ ತೆರೆದೆ. ಪಕ್ಕದ ಮನೆಯ ಮುದುಕಿ ತನ್ನ ಒರಟು ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಇಟ್ಟಳು.

"ಯಾಕೆ ಅನ್ಬಾರ್ದಮ್ಮ. ಮೊದ್ಲು ಆಳು ಮೇಲೆ ಬರ್ಲಿ."

ಒಂದೂವರೆ ಗಂಟೆ ಹಾಗೆ ನಿಂತೆವು. ನನ್ನ ರೈಲು ಹೋಯಿತು. ಕೊನೆಗೆ ರಸ್ತೆಯ ತಿರುವಿನಲ್ಲಿ ಗಂಡಸರ ಗುಂಪು ಕಾಣಿಸಿತು, ಮುಖ ಕಾಣುವ ಮೊದಲೇ ಆ ಕೆಮ್ಮು ಕೇಳಿಸಿತು. ಅಕ್ಕ ಚೌಕಟ್ಟಿನಿಂದ ಕೈ ತೆಗೆದಳು. ಆವತ್ತು ಯಾರಿಗೂ ಏನೂ ಆಗಿರಲಿಲ್ಲ. ಗಂಡ ಹತ್ತಿರ ಬಂದಾಗ ಅವಳು ತಮಿಳಿನಲ್ಲಿ ಹೇಳಿದ್ದು ಅನ್ನ ಆರಿಹೋಯಿತು ಎಂಬ ಒಂದೇ ಮಾತು, ಅದೂ ಗದರಿಸುವ ದನಿಯಲ್ಲಿ.

ಮುಂದಿನ ರೈಲಿನಲ್ಲಿ ಕೂತಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ನೆಲ ಗುಡುಗಿದಾಗ ಹೆಂಗಸು ಹೊರಗೆ ಓಡಿಬರುವುದು ಏಕೆಂದು ಆ ಹದಿನಾಲ್ಕು ಜನರಿಗೆ ನಾನು ಪಾಠ ಹೇಳಹೊರಟಿದ್ದೆ! ಅವರು ಓದಲು ಬಾರದೆ ತಪ್ಪಿರಲಿಲ್ಲ. ಪುಸ್ತಕ ಕಾರಣವನ್ನು ಅರ್ಧ ಹೇಳಿ ಬಿಟ್ಟಿತ್ತು, ಮಿಕ್ಕ ಅರ್ಧವನ್ನು ಅವರು ತಮ್ಮ ಬಾಗಿಲಿನಿಂದ ತುಂಬಿದ್ದರು, ನಾನು ನನ್ನ ಅಂಗಳದಿಂದ ತುಂಬಿದ್ದೆ. ವ್ಯತ್ಯಾಸ ಅಷ್ಟೇ. ಬಂಗಾರಪೇಟೆ ಬರುವ ಮೊದಲೇ ಪಟ್ಟಿ ತೆಗೆದು, ಅಲುಗಾಡುವ ರೈಲಿನಲ್ಲಿ ಸೊಟ್ಟ ಅಕ್ಷರದಲ್ಲಿ ಅವಳ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದೆ.

ಮರುದಿನ ಅವಳ ಮನೆಗೇ ಹೋದೆ. ತಪ್ಪಾಯಿತು ಎನ್ನುವುದು ನನ್ನ ಜಾತಕದಲ್ಲೇ ಇರಲಿಲ್ಲ, ಆದರೂ ಹೇಳಿದೆ. ಅವಳು ಕುಡಿಯಲು ನೀರು ಕೊಟ್ಟಳು. "ಅಕ್ಕಾ, ಪರೀಕ್ಷೆಯಲ್ಲಿ ಈ ಪಾಠ ಬಂದರೆ ದಯವಿಟ್ಟು ರಾಗಿ ಅನ್ನಿ. ಬರುವ ಸಾಹೇಬರಿಗೆ ರಾಗಿಯೇ ಗೊತ್ತಿರೋದು," ಎಂದು ಕೇಳಿಕೊಂಡೆ.

"ನೋಡೋಣ," ಎಂದಳು ಅಕ್ಕ. ಕೋಪ ಮತ್ತೆ ಮೂಗಿನ ತುದಿಗೆ ಬಂತು; ಲೋಟದಲ್ಲಿ ಉಳಿದಿದ್ದ ನೀರು ಕುಡಿದು ಎದ್ದು ಬಂದೆ.

ಪರೀಕ್ಷೆಗೆ ಕೋಲಾರದ ಕಡೆಯಿಂದ ಒಬ್ಬ ಸಾಹೇಬರು ಬಂದರು. ಸೌಮ್ಯ ಮನುಷ್ಯ, ಪ್ರತಿಯೊಬ್ಬರನ್ನೂ 'ತಾಯೀ' ಎಂದು ಕರೆದು ಒಂದೊಂದು ಪಾಠ ಓದಿಸಿದರು. ಪುಸ್ತಕದಲ್ಲಿ ಇದ್ದದ್ದೇ ಇಪ್ಪತ್ತು ಪಾಠ. ಅಕ್ಕನ ಸರದಿಗೆ ಅವರು ಹಾಳೆ ತಿರುವಿ ಬೆರಳಿಟ್ಟದ್ದು ಎಲ್ಲಿ ಎಂದು ನಾನು ನಿಂತಲ್ಲಿಂದಲೇ ಕಂಡೆ. ಅಜ್ಜಿಯ ಪಾಠ.

ಅಕ್ಕ ಓದಿದಳು. ರಾಗಿ ಬಂತು, ಅಡುಗೆ ಬಂತು, ಗುಡುಗುಡು ಬಂತು. 'ಆದ್ದರಿಂದ' ಎಂದು ಓದಿ ನಿಲ್ಲಿಸಿದಳು. ಬೆರಳು ಹಿಂದಕ್ಕೆ ಹೊರಟಿತು. ಸದ್ದಿನ ಮೇಲೆ ಒಂದು ಕ್ಷಣ ತಡೆಯಿತು. ಅಲ್ಲಿಂದ ಮೇಲೆ, ಅಡುಗೆಯನ್ನು ದಾಟಿ, ಮೊದಲ ಸಾಲಿಗೆ ಹೋಗಿ ನಿಂತಿತು. ಆಮೇಲೆ ಕೆಳಗಿಳಿದು ಮಿಕ್ಕದ್ದನ್ನು ಓದಿ ಮುಗಿಸಿದಳು.

"ಅಜ್ಜಿ ಏಕೆ ಓಡಿ ಬಂದಳು, ತಾಯೀ?"

ಮಿಕ್ಕ ಹದಿಮೂರು ಹೆಂಗಸರೂ ಅವಳ ಕಡೆಗೇ ತಿರುಗಿದರು.

"ರಾಗಿ ಎತ್ತೋಕೆ, ಸಾರ್."

"ಶಹಬ್ಬಾಸ್," ಎಂದು ಸಾಹೇಬರು ಗುರುತು ಹಾಕಿದರು.

ಹೊರಗೆ ಬಂದಾಗ ನಾನು ಅವಳ ಕೈ ಹಿಡಿದುಕೊಂಡೆ. "ನನ್ನ ಮಾತು ನಡೆಸಿಕೊಟ್ಟಿರಿ ಅಕ್ಕಾ," ಎಂದೆ.

"ನಿಮ್ ಮಾತಿಗಲ್ಲ ಕಣ್ಣು," ಎಂದಳು ಅವಳು. ಪ್ರೀತಿ ಬಂದರೆ ತಮಿಳರು ಹಾಗೆ ಕಣ್ಣು ಎಂದು ಕರೆಯುತ್ತಾರೆ. ನನ್ನನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. "ಮನೇಲಿ ಕೂತು ಯೋಚ್ನೆ ಮಾಡ್ದೆ. ಅಷ್ಟು ಸದ್ದು ಬಂದಾಗ ರಾಗಿ ಜ್ಞಾಪ್ಕ ಬರ್ಬೇಕು ಅಂದ್ರೆ, ಆ ಅಜ್ಜಿ ಮನೇವ್ರು ಯಾರೂ ಕೆಳ್ಗಿಲ್ಲ. ಎಲ್ಲಾ ಮೇಲೇ ಇದಾರೆ. ಅದ್ಕೇ ರಾಗಿಗೆ ಓಡಿದ್ಲು. ಪುಣ್ಯವಂತೆ."

ನಾನು ಅಲ್ಲೇ ನಿಂತು ಅತ್ತೆ. ಟೀಚರಮ್ಮ ಅಳುವುದನ್ನು ನೋಡಲು ಹೆಂಗಸರು ಸುತ್ತ ಸೇರಿದರು, ಹೊಸ ಮದುವಣಗಿತ್ತಿ ತನ್ನ ಸೆರಗಿನಿಂದ ನನ್ನ ಮೂಗು ಒರೆಸಿದಳು. ನಾನು ಬೇಡವೆನ್ನಲಿಲ್ಲ.

ಫಲಿತಾಂಶಕ್ಕೆ ಆರು ವಾರ ಕಾದೆವು. ಅಕ್ಕ ಒಮ್ಮೆಯೂ ಏನಾಯಿತು ಎಂದು ಕೇಳಲಿಲ್ಲ. ಅವಳ ಗಂಡನ ಕೆಮ್ಮು ಹೆಚ್ಚಾಗುತ್ತಲೇ ಹೋಯಿತು, ತರಗತಿಯಲ್ಲಿ ಕೂತಿದ್ದರೂ ಕೇಳಿಸುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಕಚೇರಿಯವರು ಅವಳ ಹೆಸರಿನ ಲಕೋಟೆಯನ್ನು ನನ್ನ ಕೈಗೇ ಕೊಟ್ಟು ತಲುಪಿಸಲು ಹೇಳಿದರು. ಒಡೆದು ನೋಡುವ ಆಸೆಯನ್ನು ಹೇಗೆ ತಡೆದುಕೊಂಡೆನೋ ದೇವರಿಗೇ ಗೊತ್ತು. ಏದುಸಿರು ಬಿಡುತ್ತ ಅವಳ ಮನೆ ತಲುಪಿದೆ. ಅವಳ ಗಂಡ ಮಧ್ಯಾಹ್ನದ ಪಾಳಿಗೆ ಹೊರಟು ಹೊಸಿಲ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಅಕ್ಕ ಅವರ ಊಟದ ಡಬ್ಬಿ ಹಿಡಿದು ಹಿಂದೆ ನಿಂತಿದ್ದಳು.

"ಇರಿ, ಓದಿ ಹೇಳ್ತೀನಿ," ಎಂದು ನಾನು ಲಕೋಟೆ ಒಡೆಯಹೋದರೆ ಅವಳು ಡಬ್ಬಿ ಕೆಳಗಿಟ್ಟು ಅದನ್ನು ಕಿತ್ತುಕೊಂಡಳು. "ನಂಗೆ ಬಂದಿರೋ ಕಾಗ್ದ. ನಾನೇ ಓದ್ತೀನಿ."

ಓದಿದಳು. ಕಚೇರಿಯ ಕನ್ನಡ, ಪಾಠದ ಅಜ್ಜಿಯಷ್ಟು ಸುಲಭವಲ್ಲ. 'ಸದರಿಯವರು' ಎಂಬಲ್ಲಿ ಎಡವಿದಳು, 'ತೇರ್ಗಡೆ'ಯನ್ನು ಎರಡು ಸಲ ಕೂಡಿಸಿಕೊಂಡಳು. ನಾನು ನಡುವೆ ಬಾಯಿ ಹಾಕದೆ ನಿಂತೆ. "ಸದರಿಯವರು ಕನ್ನಡ ಓದುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುತ್ತಾರೆ. ಆದ್ದರಿಂದ..." ಅಲ್ಲಿ ನಿಂತಳು. ಬೆರಳು ಹಿಂದಕ್ಕೆ ಹೋಗಿ ಆ ಮೊದಲ ವಾಕ್ಯವನ್ನು ಇನ್ನೊಮ್ಮೆ ಸವರಿ ಬಂತು. "ಆದ್ದರಿಂದ ಸದರಿಯವರನ್ನು ಶಿಶುವಿಹಾರದ ಆಯಾ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ."

ಕೆಳಗೆ ಇನ್ನೂ ಬರೆದಿತ್ತು, ಯಾವತ್ತು ಬರಬೇಕು, ಏನು ತರಬೇಕು ಎಂದು. ಅವಳು ಅದನ್ನು ಓದಲಿಲ್ಲ. ಕಾಗದವನ್ನು ಎದೆಗೆ ಒತ್ತಿ ಹಿಡಿದು ಗಂಡನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು:

"ಬೂಟ್ಸ್ ಕಳಟ್ಟುಂಗ."

ಬೂಟು ಬಿಚ್ಚಿ ಎಂದು. ಅವರು ಲೇಸು ಹಿಡಿದುಕೊಂಡೇ ಅವಳನ್ನು ನೋಡಿದರು. ಇಪ್ಪತ್ತು ವರ್ಷ ಪಾಳಿ ತಪ್ಪಿಸದ ಮನುಷ್ಯ. ಹೆಂಡತಿಯ ಮಾತನ್ನು ನಂಬಲಾಗದೆ, ಕನ್ನಡ ಬಲ್ಲವಳೆಂದು ನನ್ನ ಕಡೆ ತಿರುಗಿದರು.

"ಕಾಗ್ದದಲ್ಲಿ ಹಂಗೇ ಬರ್ದಿದ್ಯಾ, ಟೀಚರಮ್ಮ?"

"ಹಾಗೇ ಬರೆದಿದೆ," ಎಂದೆ.

ಅವರು ಬಗ್ಗಿ ಲೇಸು ಬಿಚ್ಚತೊಡಗಿದರು.